ಮಲೇರಿಯಾ ಪತ್ತೆಗೆ ಕಾರ್ಡೋ, ಸ್ಲೈಡೋ?

ಮಂಗಳೂರು, ಗೋವಾ ಕಡೆಯ ಕಟ್ಟಡ ಕೆಲಸದಿಂದ ಊರಿಗೆ ಮರಳಿ ಚಳಿಜ್ವರದಿಂದ ನರಳುವವರ ರಕ್ತವನ್ನು ಗದಗಿನ ನಮ್ಮ ಪ್ರಯೋಗಾಲಯದಲ್ಲಿ ಪರೀಕ್ಷಿಸುವಾಗ, ಬೆರಳಿಗೆ ಒಮ್ಮೆ ಚುಚ್ಚಿ ತೆಗೆದ ರಕ್ತದಲ್ಲಿಯೇ ಕಾರ್ಡ್ (ರಕ್ತದ ಹನಿ ಹಾಕಿದಾಗ ಸೋಂಕಿದ್ದರೆ ಗೆರೆ ಮೂಡುವ ಕ್ಷಿಪ್ರ ಪರೀಕ್ಷೆ) ಮತ್ತು ಸ್ಲೈಡ್ (ಗಾಜಿನ ಮೇಲೆ ರಕ್ತ ಲೇಪಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಎರಡನ್ನೂ ಮಾಡಿ ಹೋಲಿಸುವುದು ನನ್ನ ರೂಢಿ.

ಕಾರ್ಡಿನ ಬಲವೆಂದರೆ ವೇಗ. ಸೂಕ್ಷ್ಮದರ್ಶಕವಾಗಲಿ ವಿದ್ಯುತ್ತಾಗಲಿ ಬೇಕಿಲ್ಲ. 15ರಿಂದ 20 ನಿಮಿಷಗಳಲ್ಲಿ ಗೆರೆ ಮೂಡುತ್ತದೆ. ರಾತ್ರಿ ಪಾಳಿಗೂ ಹಳ್ಳಿಯ ಆಶಾ ಕಾರ್ಯಕರ್ತೆಯರಿಗೂ ಇದಕ್ಕಿಂತ ಅನುಕೂಲವಾದದ್ದು ಬೇರೊಂದಿಲ್ಲ. ಆದರೆ ಮಲೇರಿಯಾ ಪರೋಪಜೀವಿಯ ಒಂದು ಜಾತಿಯಾದ ಫಾಲ್ಸಿಪಾರಂ ಪತ್ತೆಗೆ ಕಾರ್ಡು ಹಿಡಿಯುವ ಎಚ್‌ಆರ್‌ಪಿ-2 ಪ್ರೋಟೀನು, ಪರೋಪಜೀವಿ ಸತ್ತ ಮೇಲೂ ವಾರಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಚಿಕಿತ್ಸೆ ಮುಗಿಸಿ ಮರುಪರೀಕ್ಷೆಗೆ ಬಂದವರ ಕಾರ್ಡಿನಲ್ಲಿ ಗೆರೆ ಮೂಡಿ, ಅದೇ ರಕ್ತದ ಸ್ಲೈಡ್ ಸ್ವಚ್ಛವಾಗಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಗುಣವಾಯಿತೇ ಎಂಬ ಪ್ರಶ್ನೆಗೆ ಆ ಕಾರ್ಡು ಉತ್ತರ ಕೊಡಲಾರದು.

ಸ್ಲೈಡ್ ಶ್ರಮ ಬೇಡುತ್ತದೆ. ದಪ್ಪ ಲೇಪವು ಹಸಿಯಾಗಿರುವಾಗ, ಕೆಳಗಿಟ್ಟ ವೃತ್ತಪತ್ರಿಕೆಯ ಅಕ್ಷರಗಳು ಅದರ ಮೂಲಕ ಓದಲು ಬರುವಂತಿರಬೇಕು. ಅದಕ್ಕಿಂತ ದಪ್ಪವಾದರೆ ತೊಳೆಯುವಾಗ ಕಿತ್ತುಹೋಗುತ್ತದೆ. ಇದನ್ನು ಕಣಗಳನ್ನು ಸ್ಥಿರಗೊಳಿಸುವ ಮೆಥನಾಲಿನಲ್ಲಿ ಅದ್ದುವುದಿಲ್ಲ. ಜೀಮ್ಸಾ ಬಣ್ಣದ ನೀರಿನಲ್ಲಿ ಕೆಂಪು ಕಣಗಳು ಒಡೆದುಹೋಗಿ, ಬಿಳಿ ಕಣಗಳೂ ಪ್ಲೇಟ್‌ಲೆಟ್‌ಗಳೂ ಪರೋಪಜೀವಿಗಳೂ ಮಾತ್ರ ಉಳಿಯುತ್ತವೆ. ಹೆಚ್ಚು ರಕ್ತವನ್ನು ಒಂದೇ ಕಡೆ ನೋಡುವುದರಿಂದ, ಪಳಗಿದ ಕಣ್ಣು ಕಾರ್ಡಿಗೆ ಸಿಗದಷ್ಟು ಕಡಿಮೆ ಸೋಂಕನ್ನೂ ಹಿಡಿಯಬಲ್ಲದು. ಪರೋಪಜೀವಿಯ ಜಾತಿ ಗುರುತಿಸಲು ಮಾತ್ರ ಮೆಥನಾಲಿನಲ್ಲಿ ಸ್ಥಿರಗೊಳಿಸಿದ ತೆಳು ಲೇಪವೇ ಬೇಕು: ಇನ್ನೊಂದು ಜಾತಿಯಾದ ವೈವಾಕ್ಸ್ ಹೊಕ್ಕ ಕೆಂಪು ಕಣ ಉಬ್ಬಿ ಗುಲಾಬಿ ಚುಕ್ಕೆಗಳನ್ನು ತೋರುತ್ತದೆ, ಫಾಲ್ಸಿಪಾರಂ ಆದರೆ ಕಣ ಉಬ್ಬದೆ, ಒಂದರಲ್ಲೇ ಎರಡು ಮೂರು ಸಣ್ಣ ಉಂಗುರಗಳು ಕಾಣಬಹುದು. ಬಣ್ಣ ಕಲಸಲು ಬೋರ್‌ವೆಲ್ಲಿನ ಗಡಸು ನೀರು ಬೇಡ, ಪಿಎಚ್ 7.2ರ ಬಫರ್ (ಆಮ್ಲ-ಕ್ಷಾರ ಮಟ್ಟ ಬದಲಾಗದಂತೆ ಕಾಯುವ ದ್ರಾವಣ) ಬಳಸಿದರೆ ಮಾತ್ರ ಆ ಚುಕ್ಕೆಗಳು ಸ್ಪಷ್ಟವಾಗುತ್ತವೆ.

ಜಾತಿಯ ನಿರ್ಣಯ ಕೇವಲ ಪಾಂಡಿತ್ಯದ ವಿಷಯವಲ್ಲ. ವೈವಾಕ್ಸ್ ಯಕೃತ್ತಿನಲ್ಲಿ ಅಡಗಿ ಮರುಕಳಿಸುವುದರಿಂದ, ವೈದ್ಯರು ಸಾಮಾನ್ಯವಾಗಿ ಅದನ್ನು ಅಲ್ಲಿಯೇ ಕೊಲ್ಲಲು 14 ದಿನ ಪ್ರೈಮಾಕ್ವಿನ್ ಎಂಬ ಔಷಧ ಕೊಡುತ್ತಾರೆ.

ಆದ್ದರಿಂದ ಕಾರ್ಡನ್ನು ಮೊದಲ ಸುಳಿವಾಗಿ ಸ್ವಾಗತಿಸುತ್ತೇನೆ; ಅದೊಂದನ್ನೇ ನೋಡಿ ‘ಮಲೇರಿಯಾ ಇಲ್ಲ’ ಎಂದು ಬರೆದುಕೊಡುವುದನ್ನು ಒಪ್ಪಲಾರೆ. ದಪ್ಪ ಲೇಪದ ಕನಿಷ್ಠ 100 ಕ್ಷೇತ್ರಗಳನ್ನು (ಸೂಕ್ಷ್ಮದರ್ಶಕದಲ್ಲಿ ಒಮ್ಮೆಗೆ ಕಾಣುವ ಭಾಗವೇ ಒಂದು ಕ್ಷೇತ್ರ) ನೋಡಿಯೂ ಏನೂ ಕಾಣದೆ, ಜ್ವರವೂ ಇಳಿಯದಿದ್ದರೆ, 12ರಿಂದ 24 ಗಂಟೆಗಳ ಅಂತರದಲ್ಲಿ ಮತ್ತೆ ಸ್ಲೈಡ್ ಮಾಡಿಸಬೇಕು.