ಮಹಾವೀರ ಚಕ್ರಕ್ಕೆ ಚೌಕಟ್ಟು: ಕಾಸರಗೋಡಿನ ಫ್ರೇಮ್ ಅಂಗಡಿಯ ಕೆಲಸ ಹೇಗುಂಟು?

ಕಾಸರಗೋಡು ಹಳೆ ಬಸ್ ನಿಲ್ದಾಣದ ಹತ್ತಿರ, ಓಣಿಯೊಳಗಿರುವ ಈ ಫ್ರೇಮ್ ಅಂಗಡಿಯಲ್ಲಿ ದೇವರ ಪಟ ಮತ್ತು ಮದುವೆ ಫೋಟೋಗಳದ್ದೇ ಹೆಚ್ಚು ಕೆಲಸ. ಕೇಳಿದವರಿಗೆ ಸೇನಾ ಪದಕಗಳನ್ನೂ ಆಳದ ಪೆಟ್ಟಿಗೆ ಫ್ರೇಮಿನಲ್ಲಿ ಕೂರಿಸಿ ಕೊಡುತ್ತಾರೆ. ಈ ವಿಮರ್ಶೆ ಆ ಕೆಲಸಕ್ಕೆ ಮಾತ್ರ ಸಂಬಂಧಿಸಿದ್ದು. ಕನ್ನಡ ಮಾಧ್ಯಮ ಶಾಲೆಯೊಂದರ ವಾಚನಾಲಯಕ್ಕೆ ಇವರು ಮಾಡಿಕೊಟ್ಟ ಫಲಕದಲ್ಲಿ ವಾಯುಸೇನೆಯ ಬಾಂಬರ್ ಪೈಲಟ್ ಪದ್ಮನಾಭ ಗೌತಮ್ ಅವರ ಭಾವಚಿತ್ರ, ಅವರಿಗೆ ಯುದ್ಧದ ಶೌರ್ಯಕ್ಕಾಗಿ ಬಂದ ಮಹಾವೀರ ಚಕ್ರದ ಪ್ರತಿಕೃತಿ, ಅದರ ಕೆಳಗೆ ಕನ್ನಡದಲ್ಲಿ ಒಂದು ಬರಹ ಉಂಟು. ಅಳತೆ 16x20 ಇಂಚು, ಒಳಗಿನ ಆಳ 30 ಮಿ.ಮೀ. ಮರದ ಕೆಲಸ, ಹೊಲಿಗೆ ಎರಡೂ ಬಹಳ ಚೆನ್ನಾಗಿವೆ. ಅಕ್ಷರ ಮತ್ತು ಚಿತ್ರದ ವಿಷಯದಲ್ಲಿ ಮಾತ್ರ ಮಾಡಿಸುವವರೇ ಹತ್ತಿರ ಕೂತು ನೋಡಬೇಕು.

ಇಂಥ ಫಲಕಗಳಲ್ಲಿ ಎಲ್ಲರೂ ಎಡವುವ ಜಾಗ ರಿಬ್ಬನ್. ಮಹಾವೀರ ಚಕ್ರದ ರಿಬ್ಬನ್ 32 ಮಿ.ಮೀ. ಅಗಲ, ಅರ್ಧ ಬಿಳಿ, ಅರ್ಧ ಕಿತ್ತಳೆ. ಧರಿಸಿದವರ ಎಡ ಭುಜದ ಕಡೆಗೆ ಕಿತ್ತಳೆ ಬರಬೇಕೆಂಬುದು ನಿಯಮ. ಅಂದರೆ ಫ್ರೇಮಿನ ಎದುರು ನಿಂತವರಿಗೆ ಬಿಳಿ ಎಡಕ್ಕೆ, ಕಿತ್ತಳೆ ಬಲಕ್ಕೆ ಕಾಣಬೇಕು. "ಎಡ ಭುಜ" ಎಂದು ಓದಿದ ಕೆಲಸಗಾರ ತನ್ನ ಎಡಕ್ಕೇ ಕಿತ್ತಳೆ ಹಾಕಿಬಿಡುವುದು ಸಾಮಾನ್ಯ. ರಿಬ್ಬನ್ನನ್ನು ತಲೆಕೆಳಗು ಮಾಡಿ ಹೊಲಿದರೂ ಬಣ್ಣ ಅದಲುಬದಲಾಗುತ್ತದೆ. ವೀರ ಚಕ್ರದಲ್ಲೂ ಇದೇ ಲೆಕ್ಕ: ನೋಡುವವರ ಎಡಕ್ಕೆ ಕಡು ನೀಲಿ, ಬಲಕ್ಕೆ ಕೇಸರಿ. ಈ ಅಂಗಡಿಯವರು ಹೊಲಿಯುವ ಮೊದಲು ರಿಬ್ಬನ್ನನ್ನು ಗುಂಡುಸೂಜಿಯಲ್ಲಿ ಚುಚ್ಚಿ, ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳುಹಿಸಿ ಒಪ್ಪಿಗೆ ಕೇಳಿದರು. ಇದೊಂದಕ್ಕೇ ಇವರನ್ನು ಮೆಚ್ಚಬೇಕು.

ಗೌತಮ್ ಅವರ ಪದಕದಲ್ಲಿ ಇನ್ನೊಂದು ಸೂಕ್ಷ್ಮ ಉಂಟು. ಅವರಿಗೆ ಮಹಾವೀರ ಚಕ್ರ ಬಂದದ್ದು ಎರಡು ಸಲ, 1965ರ ಯುದ್ಧಕ್ಕೆ ಒಮ್ಮೆ, 1971ರ ಯುದ್ಧಕ್ಕೆ ಇನ್ನೊಮ್ಮೆ. ಎರಡನೇ ಸಲಕ್ಕೆ ಬೇರೆ ಪದಕ ಕೊಡುವ ಕ್ರಮ ಇಲ್ಲ. ಅದೇ ಪದಕದ ರಿಬ್ಬನ್ ಮೇಲೆ ಲೋಹದ ಒಂದು ಅಡ್ಡಪಟ್ಟಿ, ಅಂದರೆ ‘ಬಾರ್’, ಸೇರುತ್ತದೆ. ಬರೀ ರಿಬ್ಬನ್ ಧರಿಸುವಾಗ ಬಾರ್ ಬದಲು ಪುಟ್ಟ ಚಕ್ರದ ಗುರುತು ಹಾಕುತ್ತಾರೆ. ಫಲಕದ ಮೊದಲ ವಿನ್ಯಾಸದಲ್ಲಿ ಎರಡು ಪದಕಗಳನ್ನು ಅಕ್ಕಪಕ್ಕ ತೂಗಿಸಿದ್ದರು. ನೋಡಲು ತುಂಬಿದಂತೆ ಕಂಡರೂ ತಪ್ಪೇ. ತಿದ್ದಿ ಎಂದಾಗ ಎರಡನೆಯದನ್ನು ತೆಗೆದು, ಬಾರ್ ಅನ್ನು ರಿಬ್ಬನ್ನಿನ ಸರಿ ನಡುವೆ ನೇರವಾಗಿ ಕೂರಿಸಿದರು. ಒಂದು ಮಿಲಿಮೀಟರ್ ಓರೆಯಾದರೂ ಕಣ್ಣಿಗೆ ಕುಟುಕುವ ಜಾಗವದು.

ಪದಕ ಕೂರಿಸುವ ಕ್ರಮವನ್ನು ಹತ್ತಿರದಿಂದ ನೋಡಬೇಕು. ಸುಮಾರು 35 ಮಿ.ಮೀ. ವ್ಯಾಸದ ದುಂಡನೆ ಬೆಳ್ಳಿ ಬಿಲ್ಲೆ, ಅಂಚು ಮುಟ್ಟುವ ಐದು ಮೊನೆಯ ನಕ್ಷತ್ರ, ನಡುವೆ ಚಿನ್ನದ ಲೇಪದ ಉಬ್ಬು, ಅದರ ಮೇಲೆ ರಾಜಮುದ್ರೆ. ಹಿಂಬದಿಯಲ್ಲಿ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಪದಕದ ಹೆಸರು, ಎರಡು ಕಮಲ. ಅಸಲಿ ಪದಕವಾದರೆ ಅಂಚಿನಲ್ಲಿ ಪಡೆದವರ ಹೆಸರು ಕೊರೆದಿರುತ್ತದೆ. ಹಾಗಾಗಿ ಪದಕದ ಬೆನ್ನಿಗೆ ಅಂಟು ಹಚ್ಚಿ ಬೋರ್ಡಿಗೆ ಒತ್ತುವುದು ದೊಡ್ಡ ಅಪರಾಧ. ಇಲ್ಲಿ ಕೊಂಡಿಯನ್ನು ಬಿಳಿ ಹತ್ತಿ ನೂಲಿನಿಂದ ಎರಡು ಕಡೆ ಕಟ್ಟಿದ್ದಾರೆ, ರಿಬ್ಬನ್ನನ್ನು ಹಿಂದಿನ ಬೋರ್ಡಿಗೆ ಹೊಲಿದಿದ್ದಾರೆ. ನಾಳೆ ಬಿಚ್ಚಬೇಕಾದರೆ ನೂಲು ಕತ್ತರಿಸಿದರೆ ಸಾಕು. ರಿಬ್ಬನ್ ಎಷ್ಟು ಬೇಕೆಂದು ಕೇಳಿದರೆ ಪದಕಕ್ಕೆ 15 ಸೆಂ.ಮೀ. ಇಟ್ಟುಕೊಳ್ಳಿ, ಮಡಿಸಿ ಹೊಲಿಯಲು ಅಷ್ಟು ಬೇಕು.

ಹಳೆ ಪದಕ ಕೊಡುವ ಮನೆಯವರು ಅದನ್ನು ಹಿತ್ತಾಳೆ ಪಾಲಿಶ್ ಹಾಕಿ ತಿಕ್ಕಿ ತರಬೇಡಿ. ನಡುವಿನ ಚಿನ್ನದ ಲೇಪ ಮೊದಲು ಹೋಗುತ್ತದೆ, ಆಮೇಲೆ ಅಂಚಿನ ಅಕ್ಷರ ಸವೆಯುತ್ತದೆ. ಒಣ ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹಲವು ಪದಕಗಳಿದ್ದರೆ ನೋಡುವವರ ಎಡದಿಂದ ಮೇಲಿನ ದರ್ಜೆಯದು ಮೊದಲು: ವೀರ ಚಕ್ರ, ವಾಯುಸೇನಾ ಪದಕ, ಅನಂತರ 1965ರ ಸಮರ ಸೇವಾ ಸ್ಟಾರ್, ರಕ್ಷಾ ಪದಕ, ಹೀಗೆ.

ನಮ್ಮ ಊರಿನ ಮಳೆಗಾಲಕ್ಕೆ ಈ ಫ್ರೇಮ್ ತಡೆಯುತ್ತದೆಯೇ ಎಂಬುದೇ ಮುಖ್ಯ ಪ್ರಶ್ನೆ. ಕಡಲ ಗಾಳಿ, ಆಟಿ ತಿಂಗಳ ತೇವ ಎರಡೂ ಸೇರಿದರೆ ಬೆಳ್ಳಿ ಕಪ್ಪಾಗುತ್ತದೆ, ರಿಬ್ಬನ್ನಿಗೆ ಬೂಸ್ಟು ಹಿಡಿಯುತ್ತದೆ. ಬೆಳ್ಳಿಗೆ ದೊಡ್ಡ ಶತ್ರು ಗಂಧಕ. ರಬ್ಬರ್ ಅಂಟು, ಫೋಮ್ ಶೀಟ್, ಉಣ್ಣೆ ಬಟ್ಟೆ ಇವೆಲ್ಲದರಿಂದ ಅದು ಮೆಲ್ಲಗೆ ಹೊರಬರುತ್ತದೆ, ಮುಚ್ಚಿದ ಪೆಟ್ಟಿಗೆಯೊಳಗೆ ಹೋಗಲು ದಾರಿ ಇಲ್ಲದೆ ಪದಕದ ಮೇಲೆ ಕೂರುತ್ತದೆ. ಅಂಗಡಿಯವರು ಮೊದಲು ಹಿನ್ನೆಲೆಗೆ ನೀಲಿ ವೆಲ್ವೆಟನ್ನು ರಬ್ಬರ್ ಅಂಟಿನಲ್ಲಿ ಹಚ್ಚಲು ಹೊರಟಿದ್ದರು. ಹೇಳಿದ ಮೇಲೆ ಆಮ್ಲರಹಿತ ಬೋರ್ಡ್ ತರಿಸಿ ಅದರ ಮೇಲೆ ಹತ್ತಿ ಬಟ್ಟೆ ಎಳೆದು ಕಟ್ಟಿದರು. ಆ ಬೋರ್ಡ್ ಇಲ್ಲಿ ಸಿಗುವುದಿಲ್ಲ, ಮಂಗಳೂರಿನಿಂದ ಬರಬೇಕು, ನಾಲ್ಕು ದಿನ ಹೆಚ್ಚು ಹಿಡಿಯುತ್ತದೆ. ಸಾಗುವಾನಿ ಚೌಕಟ್ಟಿಗೆ ವಾರ್ನಿಷ್ ಹಚ್ಚಿದ ಮೇಲೆ ಎರಡು ವಾರ ಒಣಗಿಸಿಯೇ ಪದಕ ಒಳಗಿಡಲು ಹೇಳಿ. ಅವಸರ ಮಾಡಿದರೆ ವಾರ್ನಿಷಿನ ಆವಿ ಒಳಗೇ ಉಳಿಯುತ್ತದೆ.

ಹಿಂಬದಿಯನ್ನು ಹಾರ್ಡ್‌ಬೋರ್ಡ್ ಮತ್ತು ಮೊಳೆಯಿಂದ ಮುಚ್ಚದೆ ಆರು ಸ್ಕ್ರೂಗಳಿಂದ ಬಿಗಿದದ್ದು ಒಳ್ಳೆಯ ಬುದ್ಧಿ. 50 ಗ್ರಾಂ ಸಿಲಿಕಾ ಜೆಲ್ ಪೊಟ್ಟಣಕ್ಕೆ ಕೆಳಗೆ ಗೂಡು ಮಾಡಿದ್ದಾರೆ, ಮಳೆಗಾಲದ ಮೊದಲು ಮತ್ತು ನಂತರ ತೆಗೆದು ಬದಲಿಸಬಹುದು. ಮುರಕಲ್ಲಿನ ಗೋಡೆಗೆ ಫ್ರೇಮ್ ಅಂಟಿಕೊಂಡರೆ ತೇವ, ಒರಲೆ ಎರಡೂ ಹಿಂದಿನಿಂದ ಬರುತ್ತವೆ. ಕೆಳಗಿನ ಎರಡು ಮೂಲೆಗೆ ಬೆರಳು ದಪ್ಪದ ಬೆಂಡಿನ ತುಂಡು ಹಚ್ಚಿಸಿಕೊಳ್ಳಿ, ಇವರು ತಾವಾಗಿ ಹಚ್ಚುವುದಿಲ್ಲ. ಬಿಸಿಲು ಬೀಳುವ ಗೋಡೆ ಬೇಡ, ಕಿತ್ತಳೆ ಬಣ್ಣ ಬೇಗ ಮಾಸುತ್ತದೆ.

ಇನ್ನು ಬರಹ. ಇಲ್ಲಿನ ಡಿಟಿಪಿ ಕೆಲಸದವರಿಗೆ ಮಲಯಾಳ ಸಲೀಸು, ಕನ್ನಡ ಅಷ್ಟಕ್ಕಷ್ಟೆ. ಹಳೆ ಫಾಂಟಿನಿಂದ ಯುನಿಕೋಡಿಗೆ ತಂದಾಗ ‘ಕಾರ್ಯಾಚರಣೆ’ಯ ಅರ್ಕಾವೊತ್ತು ಎಲ್ಲೋ ಹೋಗಿ ಕೂತಿತ್ತು, ಗೌತಮ್ ಹಾರಿಸಿದ ವಿಮಾನದ ಹೆಸರು ‘ಕ್ಯಾನ್‌ಬೆರಾ’ದ ನಕಾರಕ್ಕೆ ಬೆ ಒತ್ತಾಗಿ ಅಂಟಿಕೊಂಡಿತ್ತು. ಮುದ್ರಣಕ್ಕೆ ಮುಂಚೆ ಕಾಗದದ ಮೇಲೆ ಕರಡು ತೆಗೆಸಿಯೇ ಓದಿ, ಮೊಬೈಲಿನಲ್ಲಿ ಈ ತಪ್ಪು ಕಾಣುವುದಿಲ್ಲ.

ಕರಡಿನಲ್ಲಿ "ಮರಣೋತ್ತರ" ಎಂಬ ಪದವೂ ನುಸುಳಿತ್ತು. ಗೌತಮ್ ಯುದ್ಧದಲ್ಲಿ ತೀರಿಕೊಂಡವರಲ್ಲ. 1971ರ ಡಿಸೆಂಬರಿನಲ್ಲಿ ವಿಂಗ್ ಕಮಾಂಡರ್ ಆಗಿ 16ನೇ ಸ್ಕ್ವಾಡ್ರನ್ನನ್ನು ಮುನ್ನಡೆಸುತ್ತಾ, ರಾತ್ರಿ ಹೊತ್ತು ಪಾಕಿಸ್ತಾನದ ಮಿಯಾನ್‌ವಾಲಿ ವಾಯುನೆಲೆಯ ಮೇಲೆ ವಿಮಾನವಿರೋಧಿ ತೋಪುಗಳ ಗುಂಡಿನ ನಡುವೆ ಕೆಳಮಟ್ಟದಲ್ಲಿ ದಾಳಿ ಮಾಡಿ ಮರಳಿದವರು. 1972ರ ನವೆಂಬರ್ 25ರಂದು ಪುಣೆ ಬಳಿ ಮಿಗ್-21 ಅಪಘಾತದಲ್ಲಿ ಪ್ರಾಣ ಹೋಯಿತು. ಈ ಮಿಗ್ ಎಂಬ ಹೆಸರು ಹಿಡಿದೇ ಅಂಗಡಿಯವರು ಹಿನ್ನೆಲೆಗೆ ಮಿಗ್ ಚಿತ್ರ ಹಾಕಿದ್ದರು. ಅವರ ಯುದ್ಧದ ವಿಮಾನ ಕ್ಯಾನ್‌ಬೆರಾ: ಅಗಲವಾದ ನೇರ ರೆಕ್ಕೆ, ಎರಡೂ ರೆಕ್ಕೆಯಲ್ಲಿ ಒಂದೊಂದು ಎಂಜಿನ್. ನಮ್ಮ ಬಾಂಬರ್ ಮಾದರಿ ಬಿ(ಐ)58ರಲ್ಲಿ ಪೈಲಟ್ಟಿನ ಗಾಜಿನ ಗುಳ್ಳೆ ನಡುವೆ ಇರದೆ ಎಡಕ್ಕೆ ಸರಿದಿರುತ್ತದೆ. ಚಿತ್ರ ಆರಿಸುವಾಗ ಈ ಒಂದು ಗುರುತು ಹಿಡಿದರೆ ಮೋಸವಾಗದು.

ಆ ವಿಮಾನದ ಮೂತಿಯೊಳಗೆ ಇನ್ನೊಬ್ಬರು ಇರುತ್ತಿದ್ದರು, ನ್ಯಾವಿಗೇಟರ್. ಹೊರಚಿಮ್ಮುವ ಆಸನ ಇದ್ದದ್ದು ಪೈಲಟ್ಟಿಗೆ ಮಾತ್ರ. ನ್ಯಾವಿಗೇಟರ್ ಪ್ಯಾರಾಚೂಟ್ ಎದೆಗೆ ಸಿಕ್ಕಿಸಿಕೊಂಡು ಪಕ್ಕದ ಬಾಗಿಲಿನಿಂದ ಹಾರಬೇಕಿತ್ತು. ಕೆಳಮಟ್ಟದಲ್ಲಿ ಹಾರುವಾಗ ಅದಕ್ಕೆ ಸಮಯವೆಲ್ಲಿ? ಒಬ್ಬರ ಹೆಸರಿನ ಪದಕದ ಫಲಕದಲ್ಲಿ ಈ ಇನ್ನೊಬ್ಬರಿಗೆ ಒಂದು ಸಾಲಾದರೂ ಇರಲೇಬೇಕು. ಕೊನೆಯ ಕರಡಿನಲ್ಲಿ ಆ ಸಾಲು ಸೇರಿಸಲು ಕೇಳಿದಾಗ ಅಂಗಡಿಯವರು ಬರಹದ ಹಾಳೆಯನ್ನು ಮತ್ತೆ ಮುದ್ರಿಸಿದರು, ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ.