ಪವರ್ ವೀಲ್‌ಚೇರ್ ಕಲಿಯೋಕೆ ವಿಆರ್ ಹೆಡ್‌ಸೆಟ್ಟಾ, ಲ್ಯಾಪ್‌ಟಾಪಾ? ನಾನು ಎರಡೂ ನೋಡಿದೆ

ಮೊದಲೇ ಹೇಳ್ಬಿಡ್ತೀನಿ, ನನ್ನ ಓಟು ಲ್ಯಾಪ್‌ಟಾಪಿಗೆ. ₹32,000 ಕೊಟ್ಟು ತಗೊಂಡ ಹೆಡ್‌ಸೆಟ್ಟು ಈಗ ಅಕ್ಕನ ಮಗನ ಹತ್ರ ಇದೆ, ನನಗೆ ಚೇರ್ ಓಡಿಸೋದು ಕಲಿಸಿದ್ದು ಲ್ಯಾಪ್‌ಟಾಪಿಗೆ ಹಾಕಿದ ₹1,800ರ ಜಾಯ್‌ಸ್ಟಿಕ್ಕು.

ಹೋದ ವರ್ಷ ಮೆಣಸು ಕೊಯ್ಯುವಾಗ ಸಿಲ್ವರ್ ಮರಕ್ಕೆ ಹಾಕಿದ್ದ ಏಣಿಯಿಂದ ಬಿದ್ದೆ, ಕತ್ತಿನ ಹತ್ರ ಬೆನ್ನುಹುರಿಗೆ ಪೆಟ್ಟು. ಕೈ ಅಷ್ಟಿಷ್ಟು ಆಡುತ್ತೆ, ಆದ್ರೆ ಚಕ್ರ ತಳ್ಳೋಷ್ಟು ಬಲ ಇಲ್ಲ, ಹಾಗಾಗಿ ಬ್ಯಾಟರಿ ಚೇರೇ ಆಗ್ಬೇಕಿತ್ತು. ಬುಕ್ ಮಾಡಿ ಕೈಗೆ ಬರೋಕೆ ಎರಡೂವರೆ ತಿಂಗಳು, ಅದೂ ಜೂನಿಂದ ಆಗಸ್ಟು, ನಮ್ಮ ಮೂಡಿಗೆರೆ ಕಡೆ ಮಳೆ ಗೊತ್ತಲ್ಲ, ಅಂಗಳಕ್ಕೂ ಇಳಿಯೋ ಹಾಗಿಲ್ಲ. ಸುಮ್ನೆ ಕೂರೋ ಬದಲು ಸಿಮ್ಯುಲೇಟರಲ್ಲಿ, ಅಂದ್ರೆ ಆಟದ ಥರ ಸ್ಕ್ರೀನಲ್ಲೇ ಚೇರ್ ಓಡಿಸೋ ಪ್ರೋಗ್ರಾಮಲ್ಲಿ, ಕೈ ಪಳಗಿಸ್ಕೊಳ್ಳಿ ಅಂದ್ರು ಫಿಸಿಯೋ ಮೇಡಂ. ಕೆನಡಾದ ಡಾಲ್ಹೌಸಿ ಯೂನಿವರ್ಸಿಟಿಯವರ ವೀಲ್‌ಚೇರ್ ಸ್ಕಿಲ್ಸ್ ಪ್ರೋಗ್ರಾಂ ಮ್ಯಾನ್ಯುಯಲ್ ಆನ್‌ಲೈನಲ್ಲಿ ಫ್ರೀ ಸಿಗುತ್ತೆ, ಅದನ್ನ ನೋಡ್ಕೊಂಡು ಮುಂದೆ ಹೋಗೋದು, ರಿವರ್ಸು, ನಿಂತಲ್ಲೇ ತಿರುಗೋದು, ಬಾಗಿಲು ದಾಟೋದು ಅಂತ ಒಂದೊಂದೇ ಶುರು ಮಾಡಿದೆ.

ಕಣ್ಣಿಗೆ ಕಟ್ಟಿಕೊಳ್ಳೋ ವಿಆರ್ ಹೆಡ್‌ಸೆಟ್ಟಲ್ಲಿ ನೇರ ಹೋಗೋವರೆಗೂ ಚೆನ್ನಾಗಿತ್ತು. ನಿಂತಲ್ಲೇ ತಿರುಗಿದ ತಕ್ಷಣ ಹೊಟ್ಟೆ ತೊಳಸೋಕೆ ಶುರು. ಕಣ್ಣು ತಿರುಗ್ತಿದೀವಿ ಅನ್ನುತ್ತೆ, ಕಿವಿಯೊಳಗಿನ ಬ್ಯಾಲೆನ್ಸು ಮಾತ್ರ "ಇಲ್ಲ, ಕೂತೇ ಇದೀವಿ" ಅನ್ನುತ್ತೆ. ಹತ್ತು ನಿಮಿಷ ಹಾಕ್ಕೊಂಡ್ರೆ ಮಧ್ಯಾಹ್ನದವರೆಗೂ ಮಲಗಬೇಕು. ಎಲ್ಲರಿಗೂ ಹೀಗಾಗಲ್ಲ, ನನಗಾಯ್ತು.

ಲ್ಯಾಪ್‌ಟಾಪಿಗೆ ಯುಎಸ್‌ಬಿ ಜಾಯ್‌ಸ್ಟಿಕ್ ಹಾಕಿ, ಅದನ್ನ ಹಳೇ ತಳ್ಳೋ ವೀಲ್‌ಚೇರಿನ ಕೈ ಮೇಲೆ ಆಚಾರಿ ಹತ್ರ ಹಲಗೆ ಹೊಡೆಸಿ ಕೂರಿಸಿದ್ವಿ, ನಿಜವಾದ ಚೇರಲ್ಲಿ ಎಲ್ಲಿರುತ್ತೋ ಅದೇ ಜಾಗಕ್ಕೆ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ಮೂರು ವಾರಕ್ಕೆ ರಿವರ್ಸಲ್ಲಿ ಯಾವ ಕಡೆ ಒತ್ತಬೇಕು ಅಂತ ಯೋಚ್ನೆ ಮಾಡೋದೇ ನಿಂತೋಯ್ತು. ಚೇರ್ ಬಂದ ದಿನ ಸ್ಪೀಡ್ ಪೂರ್ತಿ ಕಮ್ಮಿ ಇಟ್ಟು ಹಾಲಿಂದ ರೂಮಿಗೆ ಗೋಡೆ ಉಜ್ಜದೆ ಹೋದೆ, ಅಮ್ಮ ಅತ್ತುಬಿಟ್ರು.

ಆದ್ರೆ ಲ್ಯಾಪ್‌ಟಾಪಲ್ಲಿ ಒಂದು ದೊಡ್ಡ ಕೊರತೆ ಇದೆ, ಕಾಲು ಕಾಣಲ್ಲ. ಸ್ಕ್ರೀನಲ್ಲಿ ಎದುರಿನ ದಾರಿ ಮಾತ್ರ ಕಾಣೋದು, ಫುಟ್‌ರೆಸ್ಟ್ ಇಲ್ವೇ ಇಲ್ಲ. ನನ್ನ ಚೇರಿಗೆ ಮೋಟರ್ ಇರೋದು ಹಿಂದಿನ ಚಕ್ರಕ್ಕೆ, ತಿರುಗೋದೂ ಅಲ್ಲಿಂದಲೇ, ಹಾಗಾಗಿ ತಿರುಗಿಸಿದಾಗ ಮುಂದಿರೋ ಪಾದ ಅಗಲಕ್ಕೆ ಬೀಸ್ಕೊಂಡು ಹೋಗುತ್ತೆ.

ನಾಲ್ಕನೇ ದಿನ ಅಡುಗೆಮನೆ ಬಾಗಿಲಲ್ಲಿ ಟಕ್ ಅಂತು. ಫುಟ್‌ರೆಸ್ಟ್ ತಾಗಿರಬೇಕು ಅಂದ್ಕೊಂಡು ಮುಂದೆ ಹೋದೆ. ಸಂಜೆಗೆ ತಲೆ ಸಿಡಿತ, ಮುಖ ಎಲ್ಲ ಬೆವರು, ಬಿಪಿ ನೋಡಿದ್ರೆ ಏರಿದೆ. ಜ್ವರ ಇರಬೇಕು ಅಂತ ಅಮ್ಮ ಕಾಲುಚೀಲ ತೆಗೆದ್ರೆ ಕಿರುಬೆರಳಿನ ಉಗುರು ಎದ್ದು ರಕ್ತ ಬಟ್ಟೆಗೆ ಅಂಟಿ ಒಣಗಿತ್ತು. "ಏನೋ ಮಗಾ ಇದು, ನೋವೇ ಆಗ್ಲಿಲ್ವಾ?" ಆಗ್ಲಿಲ್ಲ, ನನಗೆ ಅಲ್ಲಿ ಸ್ಪರ್ಶವೇ ಇಲ್ಲ. ಬೆನ್ನುಹುರಿಗೆ ಕತ್ತಿನ ಅಥವಾ ಎದೆಯ ಮೇಲ್ಭಾಗದ ಮಟ್ಟದಲ್ಲಿ ಪೆಟ್ಟಾದವರಿಗೆ ಕೆಳಗಿನ ನೋವು ಗೊತ್ತಾಗದಿದ್ರೂ ಬಿಪಿ ಏರಿಬಿಡಬಹುದು, ಅಟಾನಮಿಕ್ ಡಿಸ್‌ರಿಫ್ಲೆಕ್ಸಿಯಾ ಅಂತಾರೆ, ಅಪಾಯದ್ದು. ಡಾಕ್ಟರ್ ಹತ್ರ ಓಡಿದ್ವಿ. ಗಾಯ ಮಾಯೋಕೆ ಐದು ವಾರ ಹಿಡೀತು.

ಆಮೇಲೆ ರಟ್ಟಲ್ಲಿ ಎರಡು ಪಾದ ಕತ್ತರಿಸಿ ಸ್ಕ್ರೀನಿನ ಕೆಳಗಡೆ ಅಂಟಿಸ್ಕೊಂಡು ಮತ್ತೆ ಮೊದಲಿಂದ ಬಾಗಿಲು ಪ್ರಾಕ್ಟೀಸ್ ಮಾಡಿದೆ. ಚೌಕಟ್ಟಿನ ಹತ್ರ ಹೋಗಿ ತಿರುಗಿಸಬಾರದು, ದೂರದಲ್ಲೇ ಚೇರ್ ನೇರ ಮಾಡ್ಕೊಂಡು ಆಮೇಲೆ ಒಳಗೆ ನುಗ್ಗಬೇಕು. ಶೂ ಇಲ್ಲದೆ ಚೇರ್ ಹತ್ತೋದೇ ಇಲ್ಲ ಈಗ. ಹೆಡ್‌ಸೆಟ್ಟಲ್ಲಿ ತಲೆ ಬಗ್ಗಿಸಿದ್ರೆ ಪಾದ ಕಾಣುತ್ತೆ, ಅದೊಂದು ನಿಜ. ತಲೆ ಸುತ್ತು ಬರದವರು, ದುಡ್ಡಿಗೆ ತೊಂದ್ರೆ ಇಲ್ಲದವರು ಅದನ್ನೇ ತಗೊಳ್ಳಿ.

ಹೊಸ್ತಿಲು ದಾಟೋ ಅಭ್ಯಾಸ ಹೆಡ್‌ಸೆಟ್ಟು, ಲ್ಯಾಪ್‌ಟಾಪು ಎರಡರಲ್ಲೂ ಇಲ್ಲ. ನಮ್ಮನೇದು 3 ಇಂಚು, 1:12 ಲೆಕ್ಕಕ್ಕೆ (1 ಇಂಚು ಎತ್ತರಕ್ಕೆ 12 ಇಂಚು ಉದ್ದ) 3 ಅಡಿ ಉದ್ದದ ಹಲಗೆ ಇಳಿಜಾರು ಮಾಡಿಸಿದ್ವಿ.

ಈಗ ದಿನಾ ಸಂಜೆ ಕಾಫಿ ಕಣದಲ್ಲಿ ಓಡಿಸ್ತೀನಿ, ಸಿಮೆಂಟು, ಸಮತಟ್ಟು, ಹಣ್ಣು ಹರಡೋಕೆ ಇನ್ನೂ ತಿಂಗಳಿದೆ. ಜಾಯ್‌ಸ್ಟಿಕ್ ತಗೊಳ್ಳೋರು ನಿಮ್ಮ ಚೇರಿಂದು ಯಾವ ಕೈಗೆ ಬರುತ್ತೆ ಅಂತ ಮೊದಲು ಕೇಳ್ಕೊಳ್ಳಿ, ಗೇಮಿಂಗ್ ಜಾಯ್‌ಸ್ಟಿಕ್ ಸುಮಾರು ಬಲಗೈಗೇ ಮಾಡಿರ್ತಾರೆ, ಎಡಗೈಯವರು ಎರಡೂ ಕಡೆಗೆ ಹೊಂದೋ ಸಾದಾದು ನೋಡಿ.