ಹಳೇ ಎರ್ಟಿಗಾದ 1.3 ಡೀಸೆಲ್: ಎಳೆತಕ್ಕೆ ಸಾಟಿಯಿಲ್ಲ, ಆದರೆ ಡಿಪ್‌ಸ್ಟಿಕ್ ನೋಡುವವರಿಗೆ ಮಾತ್ರ

ಮಾರುತಿ ಎರ್ಟಿಗಾದ ಸೀಟು, ಡಿಕ್ಕಿ, ಎಸಿ, ಹಿಂದಿನ ಸಾಲಿನಲ್ಲಿ ದೊಡ್ಡವರು ಕೂರಬಹುದೋ ಇಲ್ಲವೋ ಎಂಬುದೆಲ್ಲ ಈಗ ಎಲ್ಲರಿಗೂ ಗೊತ್ತಿರುವ ವಿಷಯ. 2012ರಿಂದ 2018ರವರೆಗಿನ ಮೊದಲ ಮಾದರಿಯನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕುವವರು ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: 1.3 ಡೀಸೆಲ್ಲೋ, 1.4 ಪೆಟ್ರೋಲೋ? ನಮ್ಮ ಮನೆಯಲ್ಲಿ ಬಹಳ ವರ್ಷಗಳಿಂದ ಇರುವುದು ಡೀಸೆಲ್. ಹಾಗಾಗಿ ಇಲ್ಲಿ ಹೆಚ್ಚಿನ ಮಾತು ಆ ಎಂಜಿನ್ನಿನದೇ.

ಮೊದಲು ಮೆಚ್ಚಿದ್ದು. ಇದು ಫಿಯಟ್‌ನ 1248 ಸಿಸಿ ಮಲ್ಟಿಜೆಟ್. ಆಗಿನ ಡೀಸೆಲ್ ಸ್ವಿಫ್ಟ್, ಡಿಸೈರ್, ರಿಟ್ಜ್‌ಗಳಲ್ಲಿದ್ದದ್ದೂ ಇದೇ. ಆದರೆ ಅವುಗಳಲ್ಲಿ 75 ಪಿಎಸ್ (ಅಶ್ವಶಕ್ತಿ) ಕೊಡುವ ಸಾದಾ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಫ್ಯಾನು), ಎರ್ಟಿಗಾದಲ್ಲಿ 90 ಪಿಎಸ್‌ನ ವಿಜಿಟಿ, ಅಂದರೆ ಒಳಗಿನ ರೆಕ್ಕೆಗಳ ಓರೆ ಬದಲಾಗುವ ಟರ್ಬೊ. ಕಾಗದದ ಮೇಲೆ ದೊಡ್ಡ ಅಂತರವೇನಲ್ಲ. ಏಳು ಮಂದಿ, ಮೇಲೆ ಲಗೇಜು, ಎಸಿ ಹಾಕಿಕೊಂಡು ಅಂಕೋಲಾ ಕಡೆಯಿಂದ ಅರಬೈಲ್ ಘಾಟ್ ಹತ್ತುವಾಗ ಅದರ ಬೆಲೆ ಗೊತ್ತಾಗುತ್ತದೆ. ಮೂರನೇ ಗೇರಿನಲ್ಲಿ ಆರ್‌ಪಿಎಂ ಮುಳ್ಳು 2000 ದಾಟಿದ್ದರೆ ಸಾಕು, ಲಾರಿ ಹಿಂದೆ ಸಿಕ್ಕು ಕಳೆದುಕೊಂಡ ವೇಗವನ್ನು ಮತ್ತೆ ಹಿಡಿಯಲು ಎಸಿ ಬಂದ್ ಮಾಡುವ ಪ್ರಶ್ನೆಯೇ ಇಲ್ಲ. ಹುಬ್ಬಳ್ಳಿಯಿಂದ ಹಾವೇರಿ ಕಡೆ ಎನ್‌ಎಚ್ 48ರಲ್ಲಿ 80–90ರಲ್ಲಿ ಸಾಗಿದರೆ ಎವರೇಜ್ 18ರ ಆಸುಪಾಸು. 1800ರ ಕೆಳಗೆ ಮಾತ್ರ ಪಿಕಪ್ ಇಲ್ಲ. ಹುಬ್ಬಳ್ಳಿಯ ಉಣಕಲ್‌ನಿಂದ ನವನಗರದವರೆಗೆ ಸಿಗ್ನಲ್ ಸಿಗ್ನಲ್‌ಗೂ ಗೇರ್ ಇಳಿಸಲೇಬೇಕು. ಅರ್ಧ ಕ್ಲಚ್ಚಿನಲ್ಲಿ ತಳ್ಳುತ್ತ ಹೋಗುವವರ ಕೈಯಲ್ಲಿ ಈ ಗಾಡಿಯ ಕ್ಲಚ್ ಪ್ಲೇಟು ಬೇಗ ಸುಡುತ್ತದೆ.

ಈ ಎಂಜಿನ್ ಬೆಳಿಗ್ಗೆ ಕೇಳುವುದು ಎರಡು ನಿಮಿಷ. ಚಾವಿ ಒಂದು ಹಂತ ತಿರುಗಿಸಿ, ಸುರುಳಿ ಗುರುತಿನ ಹಳದಿ ದೀಪ ಆರುವವರೆಗೆ ತಡೆದು, ಆಮೇಲೆ ಸ್ಟಾರ್ಟ್. ಆಕ್ಸಿಲರೇಟರ್ ಮುಟ್ಟದೆ ಅರ್ಧ ನಿಮಿಷ ಹಾಗೇ ಬಿಟ್ಟರೆ ಆಯಿಲ್ ಟರ್ಬೊದ ಶಾಫ್ಟಿಗೆ ತಲುಪುತ್ತದೆ. ಮೊದಲ ನಾಲ್ಕೈದು ಕಿಲೋಮೀಟರು 2000ದ ಒಳಗೇ ಓಡಿಸಬೇಕು. ಹೈವೇಯಲ್ಲಿ ಓಡಿಸಿ ಬಂದಾಗ ತಕ್ಷಣ ಬಂದ್ ಮಾಡದೆ ಮನೆ ಮುಂದೆ ಒಂದು ನಿಮಿಷ ಐಡಲ್‌ನಲ್ಲಿ ಬಿಡಬೇಕು. ಕಾದ ಟರ್ಬೊದಲ್ಲಿ ಆಯಿಲ್ ಹರಿವು ಒಮ್ಮೆಲೆ ನಿಂತರೆ ಅಲ್ಲೇ ಸುಟ್ಟು ಕರಿಯಾಗಿ ಗಟ್ಟಿಯಾಗುತ್ತದೆ. ವಾರಕ್ಕೊಮ್ಮೆ, ಗಾಡಿ ಸಪಾಟು ಜಾಗದಲ್ಲಿ ರಾತ್ರಿಯಿಡೀ ನಿಂತಿರುವಾಗ, ಬಾನೆಟ್ ಎತ್ತಿ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆಯಬೇಕು. ಒರೆಸಿ, ಮತ್ತೆ ಪೂರ್ತಿ ಇಳಿಸಿ, ಮತ್ತೆ ಎಳೆದು ನೋಡಬೇಕು. ಡೀಸೆಲ್ ಆಯಿಲ್ ಹಾಕಿದ ವಾರಕ್ಕೇ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ನೋಡಬೇಕಾದ್ದು ಮಟ್ಟ. ಮೇಲಿನ ಗೆರೆಯಿಂದ ಸ್ವಲ್ಪ ಕೆಳಗಿದ್ದರೆ ಸರಿ. ಅರ್ಧಕ್ಕಿಂತ ಕೆಳಗಿದ್ದರೆ ಅಂದೇ ತುಂಬಿಸಬೇಕು.

ಇಷ್ಟು ಹಟ ಯಾಕೆಂದರೆ, ಈ ಎಂಜಿನ್ನಿನ ಹೊಟ್ಟೆಯಲ್ಲಿ ಹಿಡಿಯುವುದೇ ಸುಮಾರು ಮೂರು ಲೀಟರ್ ಆಯಿಲ್. ಅಷ್ಟರಲ್ಲೇ ಟರ್ಬೊ, ಬೇರಿಂಗ್, ವಾಲ್ವ್‌ಗಳನ್ನು ಪಿಸ್ಟನ್ ಜತೆ ತಾಳಕ್ಕೆ ಓಡಿಸುವ ಟೈಮಿಂಗ್ ಚೇನ್ ಎಲ್ಲವೂ ಬದುಕಬೇಕು. ದಲ್ಲಾಳಿಗಳ ಬಾಯಿಂದ ಬರುವ ಮೊದಲ ಮಾತು, «ಚೇನ್ ಎಂಜಿನ್ ಐತ್ರಿ ಸರ, ಬೆಲ್ಟ್ ಚೇಂಜ್ ಮಾಡೋ ತಲಿನೋವಿಲ್ಲ, ಏನೂ ಆಗಂಗಿಲ್ಲ.» ಅರ್ಧ ಮಾತ್ರ ನಿಜ. ಬೆಲ್ಟಿನಂತೆ ಇಂತಿಷ್ಟು ಕಿಲೋಮೀಟರಿಗೆ ಬದಲಿಸಲೇಬೇಕು ಅಂತಿಲ್ಲ, ಸರಿ. ಆದರೆ ಆ ಚೇನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ನಡೆಯುವುದು ಆಯಿಲ್ ಪ್ರೆಷರಿನ ಮೇಲೆ. ಆಯಿಲ್ ಒಂದು ಲೀಟರ್ ಇಳಿಯಿತು, ಇಲ್ಲವೇ ಹದಿನೈದು ಸಾವಿರ ಕಿಲೋಮೀಟರ್ ಓಡಿ ಮಡ್ಡಿಯಾಯಿತು ಎಂದರೆ ಟೆನ್ಷನರ್ ಸಡಿಲ, ಚೇನ್ ಗೈಡಿಗೆ ಬಡಿಯುತ್ತದೆ, ಸವೆದು ಉದ್ದವಾಗುತ್ತದೆ, ಒಂದು ದಿನ ಸ್ಟಾರ್ಟ್ ಮಾಡುವಾಗ ಹಲ್ಲು ಜಾರುತ್ತದೆ. ವಾಲ್ವ್ ಹೋಗಿ ಪಿಸ್ಟನ್‌ಗೆ ತಾಗುತ್ತದೆ. ಅದೃಷ್ಟವಿದ್ದರೆ ವಾಲ್ವ್ ಒತ್ತುವ ರಾಕರ್ ಆರ್ಮ್‌ಗಳು ಮುರಿದು ಅಲ್ಲಿಗೇ ನಿಲ್ಲುತ್ತದೆ, ಇಲ್ಲದಿದ್ದರೆ ಹೆಡ್ ಇಳಿಸಬೇಕು. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಮಟ್ಟ ಹೇಳುವುದಿಲ್ಲ, ಪ್ರೆಷರ್ ಬಿದ್ದ ಮೇಲೆ ಉರಿಯುತ್ತದೆ. ಅದನ್ನು ನಂಬಿ ಕೂತವರ ಎಂಜಿನ್ನುಗಳೇ ಬಿಚ್ಚಿಕೊಂಡು ಗ್ಯಾರೇಜಿನಲ್ಲಿ ಮಲಗಿರುತ್ತವೆ. ಇಷ್ಟು ಒಳ್ಳೆಯ ಎಂಜಿನ್ ಇಷ್ಟು ಸಣ್ಣ ಉದಾಸೀನಕ್ಕೆ ಹಾಳಾಗುವುದು ನೋಡಿದರೆ ನಿಜಕ್ಕೂ ಸಿಟ್ಟು ಬರುತ್ತದೆ.

ಹಾಗಾಗಿ ಡೀಸೆಲ್ ಎರ್ಟಿಗಾ ನೋಡಲು ಹೋಗುವುದಾದರೆ ಬೆಳಿಗ್ಗೆಯೇ ಹೋಗಿ. ಮಾಲೀಕರಿಗೆ ಹಿಂದಿನ ದಿನವೇ ಹೇಳಿ: «ನಾವು ಬರೋತನಕ ಚಾಲೂ ಮಾಡಬ್ಯಾಡ್ರಿ.» ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ಬಿಸಿಯಿದ್ದರೆ ಇನ್ನೊಂದು ದಿನ ಬರುತ್ತೇವೆಂದು ಎದ್ದು ಬನ್ನಿ. ಚೇನ್ ಸದ್ದು ಅಡಗಿಸಲು ಎಂಜಿನ್ ಬಿಸಿ ಮಾಡಿಡುವುದೇ ಸುಲಭದ ದಾರಿ. ಸ್ಟಾರ್ಟ್ ಮಾಡುವ ಮುಂಚೆ ಡಿಪ್‌ಸ್ಟಿಕ್ ನೋಡಿ. ಕೆಳಗಿನ ಗೆರೆಗಿಂತ ಕೆಳಗಿದ್ದರೆ ಆ ಗಾಡಿ ಹೇಗೆ ಓಡಿದೆ ಎಂದು ಕೇಳುವ ಅಗತ್ಯವೇ ಇಲ್ಲ. ಮೇಲಿನ ಗೆರೆ ದಾಟಿದ್ದು ಡೀಸೆಲ್ ವಾಸನೆ ಬಂದರೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಸೋರಿ ಆಯಿಲ್ ತೆಳ್ಳಗಾಗಿದೆ ಎಂದು ಲೆಕ್ಕ. ಆಮೇಲೆ ಒಬ್ಬರು ಸ್ಟಾರ್ಟ್ ಮಾಡಲಿ, ನೀವು ಟೈಮಿಂಗ್ ಕವರ್ ಇರುವ ಬದಿಗೆ ಕಿವಿ ಕೊಟ್ಟು ನಿಲ್ಲಿ. ಒಂದು ಕ್ಷಣ ‘ಕರ್ರ್’ ಎಂದು ಸುಮ್ಮನಾದರೆ ಪರವಾಗಿಲ್ಲ. ಎರಡು-ಮೂರು ಸೆಕೆಂಡ್ ಮೀರಿ ಗಡಗಡ ಬಂದರೆ ಚೇನ್ ಸೆಟ್ ಕೆಲಸ ಬಂದಿದೆ.

ಐಡಲ್‌ನಲ್ಲೇ ಆಯಿಲ್ ತುಂಬುವ ಮುಚ್ಚಳ ತಿರುಗಿಸಿ ತೂತಿನ ಮೇಲೆ ಸುಮ್ಮನೆ ಇಡಿ. ಸ್ವಲ್ಪ ನಡುಗಿದರೆ ಸಹಜ. ಹಾರಿ ಬೀಳುವಂತೆ ಕುಣಿದು ಹೊಗೆ ಉಗುಳಿದರೆ ಪಿಸ್ಟನ್ ರಿಂಗ್ ಸವೆದಿವೆ. ಇಂಜೆಕ್ಟರುಗಳ ಬುಡದಲ್ಲಿ ಡಾಂಬರಿನಂಥ ಕಪ್ಪು ಮೆತ್ತಿಕೊಂಡು ‘ಚುಫ್ ಚುಫ್’ ಸದ್ದಿದ್ದರೆ ಕೆಳಗಿನ ತಾಮ್ರದ ವಾಷರ್ ಹೋಗಿದೆ. ವಾಷರ್ ಅಗ್ಗ, ಆದರೆ ಹಿಡಿದುಕೊಂಡ ಇಂಜೆಕ್ಟರ್ ಎಬ್ಬಿಸುವುದು ತಾಳ್ಮೆಯ ಕೆಲಸ. ಕೂಲಂಟ್ ಬಾಟಲಿಯಲ್ಲಿ ಕೆಂಪು ಮಣ್ಣಿನ ಬಣ್ಣದ ನೀರಿದ್ದರೆ ಬೋರ್‌ವೆಲ್ ನೀರೇ ಹಾಕಿ ಓಡಿಸಿದ್ದಾರೆ. ನಮ್ಮ ಕಡೆಯ ಗಡಸು ನೀರು ರೇಡಿಯೇಟರ್ ಕೊಳವೆಗಳಲ್ಲಿ ಸುಣ್ಣದಂತೆ ಕಟ್ಟಿ, ಬೇಸಿಗೆಯಲ್ಲಿ ಗದಗ ರೋಡಿನ ಮೇಲೆ ಎಂಜಿನ್ನನ್ನು ಅತಿಯಾಗಿ ಬಿಸಿ ಮಾಡುತ್ತದೆ. ಓಡಿಸಿ ನೋಡುವಾಗ 40ರ ವೇಗಕ್ಕೆ ನಾಲ್ಕನೇ ಗೇರ್ ಹಾಕಿ ಪೂರ್ತಿ ಒತ್ತಿ. ಮುಳ್ಳು ಮಾತ್ರ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. 2000 ದಾಟಿದ ಮೇಲೂ ಎಳೆತ ಬರದೆ ಕಪ್ಪು ಹೊಗೆ ಬಂದರೆ ಮೊದಲು ಇಂಟರ್‌ಕೂಲರ್ (ಟರ್ಬೊ ಗಾಳಿ ತಂಪು ಮಾಡುವ ಭಾಗ) ಪೈಪ್ ಸೀಳಿದೆಯೇ ನೋಡಿಸಿ, ಆಮೇಲೆ ಟರ್ಬೊ. ವಿಜಿಟಿಯೊಳಗಿನ ಸಣ್ಣ ರೆಕ್ಕೆಗಳು ಮಸಿಗೆ ಅಂಟಿಕೊಂಡರೂ ಹೀಗೇ ಆಗುತ್ತದೆ.

ಮಸಿ ಎಂದಾಗ ಇಜಿಆರ್ ಮಾತು ಬರಲೇಬೇಕು. ಸುಟ್ಟ ಹೊಗೆಯ ಒಂದು ಪಾಲನ್ನು ಈ ವಾಲ್ವ್ ಮತ್ತೆ ಎಂಜಿನ್ನಿಗೇ ಕಳಿಸುತ್ತದೆ. ಆ ಮಸಿ ಎಂಜಿನ್ ಉಸಿರು ಬಿಡುವ ಬ್ರೀದರ್ ಕೊಳವೆಯಿಂದ ಬರುವ ಆಯಿಲ್ ಆವಿಯ ಜತೆ ಸೇರಿ ಅಂಟಾಗಿ ಇನ್‌ಟೇಕ್ ದಾರಿಯನ್ನೇ ಮುಚ್ಚುತ್ತದೆ. ಎಂಜಿನ್ ಚೆನ್ನಾಗಿ ಕಾದು ಉದ್ದಕ್ಕೆ ಓಡುತ್ತಿದ್ದರೆ ಇದು ನಿಧಾನ. ಕೇಶ್ವಾಪುರದಿಂದ ಶಾಲೆಗೆ ಮೂರು ಕಿಲೋಮೀಟರು, ಅಲ್ಲಿಂದ ದುರ್ಗದಬೈಲಿಗೆ ಎರಡು, ಮತ್ತೆ ಮನೆಗೆ, ಇಷ್ಟೇ ಓಡಾಟವಾದರೆ ಡೀಸೆಲ್ ಎಂಜಿನ್ ಕಾಯುವುದೇ ಇಲ್ಲ. ಐಡಲ್ ಏರಿಳಿಯುವುದು, 1500–2000ದ ನಡುವೆ ಜಗ್ಗುವುದು, ಎವರೇಜ್ ಬೀಳುವುದು ಇದರ ಲಕ್ಷಣ. ವಾಲ್ವ್ ಬಿಚ್ಚಿ ಕಾರ್ಬ್ ಕ್ಲೀನರ್ ಹೊಡೆದು, ನೆನೆಯಲು ಬಿಟ್ಟು, ಮೆತ್ತಗಿನ ಬ್ರಷ್‌ನಿಂದ ತಿಕ್ಕಿ, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದರೆ ಸರಿಹೋಗುತ್ತದೆ. ಸ್ಕ್ರೂಡ್ರೈವರ್‌ನಿಂದ ಕೆರೆಯಲು ಬಿಡಬೇಡಿ. ತಗಡು ಹಾಕಿ ಇಜಿಆರ್ ಮುಚ್ಚಿಬಿಡೋಣ ಎನ್ನುವ ಮಿಸ್ತ್ರಿಗಳಿದ್ದಾರೆ. ಒಪ್ಪಬೇಡಿ. ಹೊಗೆ ನಿಯಂತ್ರಣದ ಭಾಗ ಮುಚ್ಚುವುದು ಕಾನೂನಿಗೆ ವಿರುದ್ಧ, ಚೆಕ್ ಲೈಟೂ ಬಂದು ಕೂರುತ್ತದೆ.

ಇಲ್ಲಿಗೆ ಬಂದಾಗ 1.4 ಪೆಟ್ರೋಲ್ ಮೇಲೆ ಗೌರವ ಹೆಚ್ಚುತ್ತದೆ. 1373 ಸಿಸಿ, ಅದಕ್ಕೂ ಚೇನೇ, ಆದರೆ ಟರ್ಬೊ ಇಲ್ಲ, ಹೈ ಪ್ರೆಷರ್ ಡೀಸೆಲ್ ಪಂಪ್ ಇಲ್ಲ, ದುಬಾರಿ ಇಂಜೆಕ್ಟರ್ ಇಲ್ಲ. ಮೂರು ಕಿಲೋಮೀಟರಿನ ಓಡಾಟಕ್ಕೆ ಅದು ಬೇಸರಿಸುವುದಿಲ್ಲ. ಸದ್ದೂ ಕಡಿಮೆ. ಏಳು ಮಂದಿ ಕೂತು ಘಾಟ್ ಹತ್ತುವಾಗ ಎರಡನೇ ಗೇರಿಗೆ ಇಳಿಸಿ ಕೂಗಿಸಬೇಕು, ಅಷ್ಟೇ ಅದರ ಸೋಲು. ನೋಡುವಾಗ ಬೆಳಿಗ್ಗೆ ನೀಲಿ ಹೊಗೆ ಬರುತ್ತದೆಯೇ ಗಮನಿಸಿ, ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿಸಿ ತುದಿ ನೋಡಿ. ಹೊರಗೆ ಕೂರಿಸಿದ ಸಿಎನ್‌ಜಿ ಕಿಟ್ ಇದ್ದರೆ ಆರ್‌ಸಿಯಲ್ಲಿ ಅದು ನಮೂದಾಗಿದೆಯೇ, ಸಿಲಿಂಡರ್ ಟೆಸ್ಟ್ ಆಗಿದೆಯೇ ನೋಡಿ. ನಮೂದಾಗದಿದ್ದರೆ ಇನ್ಶೂರೆನ್ಸ್ ಕ್ಲೇಮ್ ಹೊತ್ತಿಗೆ ತಕರಾರು ಖಂಡಿತ. ಇ20 (ಶೇ 20ರಷ್ಟು ಎಥೆನಾಲ್ ಬೆರೆತ) ಪೆಟ್ರೋಲ್ ಈಗ ಎಲ್ಲ ಬಂಕಿಗೂ ಬಂದಿದೆ, ಈ ಹಳೇ ಗಾಡಿಗಳು ಅದಕ್ಕೆಂದು ತಯಾರಾದವಲ್ಲ. ಇಂಧನದ ರಬ್ಬರ್ ಪೈಪುಗಳನ್ನು ಪ್ರತಿ ಸರ್ವಿಸ್‌ನಲ್ಲೂ ಮುಟ್ಟಿ ನೋಡಿಸಬೇಕು, ಎವರೇಜ್ ಸ್ವಲ್ಪ ಇಳಿಯುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಈಗ ರೊಕ್ಕದ ಲೆಕ್ಕ. ಈ ಗಾಡಿ ಹೊಸದಾಗಿ ಬಂದ 2012ರಲ್ಲಿ ಪೆಟ್ರೋಲ್-ಡೀಸೆಲ್ ನಡುವೆ ಲೀಟರಿಗೆ ಸುಮಾರು 30 ರೂಪಾಯಿ ಅಂತರವಿತ್ತು, ಡೀಸೆಲ್ ಕೊಂಡವರೇ ಜಾಣರು. 2014ರ ಅಕ್ಟೋಬರಿನಲ್ಲಿ ಡೀಸೆಲ್ ದರದ ಮೇಲಿನ ಸರ್ಕಾರದ ಹಿಡಿತ ಹೋಯಿತು, ಆ ಕಾಲ ಮುಗಿಯಿತು. ಪೆಟ್ರೋಲ್ 103, ಡೀಸೆಲ್ 91 ಎಂದು ಹಿಡಿಯಿರಿ. ಆಗಾಗ ಗದಗ-ಹುಬ್ಬಳ್ಳಿ ರೋಡಿನ ಮೇಲಿರುವವರು, ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವವರು ಪೆಟ್ರೋಲ್‌ನಲ್ಲಿ 13, ಡೀಸೆಲ್‌ನಲ್ಲಿ 17 ಎವರೇಜ್ ಪಡೆದರೆ ತಿಂಗಳಿಗೆ ಎರಡೂವರೆ ಸಾವಿರ, ವರ್ಷಕ್ಕೆ ಸುಮಾರು 30 ಸಾವಿರ ಉಳಿಯುತ್ತದೆ. ಡೀಸೆಲ್ ಗಾಡಿಗೆ 70 ಸಾವಿರ ಹೆಚ್ಚು ಕೊಟ್ಟಿದ್ದರೂ ಎರಡೂಕಾಲು ವರ್ಷದಲ್ಲಿ ಬಂತು. ಊರೊಳಗೇ ತಿಂಗಳಿಗೆ 400 ಓಡಿಸುವವರಿಗೆ ಎವರೇಜ್ 10.5, 13.5ಕ್ಕೆ ಇಳಿದು, ಉಳಿಯುವುದು ತಿಂಗಳಿಗೆ ಸಾವಿರದ ಇನ್ನೂರು ಚಿಲ್ಲರೆ. ಅದೇ 70 ಸಾವಿರ ಹಿಂತಿರುಗಲು ಐದು ವರ್ಷ ಹತ್ತಿರ ಬೇಕು. ಅಷ್ಟರೊಳಗೆ ಒಂದು ಕ್ಲಚ್, ಒಂದು ಇಂಜೆಕ್ಟರ್ ಕೆಲಸ ಬಂದರೆ ಆ ಉಳಿತಾಯ ಅಲ್ಲಿಗೇ ಹೋಯಿತು. ನನ್ನ ಮಟ್ಟಿಗೆ, ತಿಂಗಳಿಗೆ 800 ಕಿಲೋಮೀಟರಿನೊಳಗೆ ಓಡಿಸುವವರು ಪೆಟ್ರೋಲ್ ಕೊಳ್ಳಬೇಕು. ಅದಕ್ಕಿಂತ ಹೆಚ್ಚು, ಅದರಲ್ಲೂ ಉದ್ದನೆಯ ಓಟ ಇರುವವರು ಡೀಸೆಲ್ ಕಡೆ ಧೈರ್ಯವಾಗಿ ಹೋಗಬಹುದು.

2015ರ ಕೊನೆಯಿಂದ ಬಂದ ಎಸ್‌ಎಚ್‌ವಿಎಸ್ (ಮೈಲ್ಡ್ ಹೈಬ್ರಿಡ್) ಡೀಸೆಲ್‌ನ ಮೂಲ ಎಂಜಿನ್ ಇದೇ, ಬ್ಯಾಟರಿ ಮಾತ್ರ ದೊಡ್ಡದು, ದುಬಾರಿ. ಕೊಳ್ಳುವ ಮುನ್ನ ಬ್ಯಾಟರಿ ಯಾವಾಗ ಬದಲಿಸಿದ್ದೆಂದು ಕೇಳಿ. 2019ರಲ್ಲಿ ಬಂದ 1.5 ಡೀಸೆಲ್ ಎಳೆತದಲ್ಲಿ ಇದಕ್ಕಿಂತ ಮೇಲು, ಆದರೆ 2020ರ ಏಪ್ರಿಲ್‌ಗೆ ಡೀಸೆಲ್ ಮಾರಾಟವೇ ನಿಂತಿದ್ದರಿಂದ ರಸ್ತೆಯಲ್ಲಿರುವುದೇ ಕಡಿಮೆ. 1.3ರ ಸಾಮಾನು ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಸಿಕ್ಕಷ್ಟು ಸಲೀಸಾಗಿ ಅದರದ್ದು ಸಿಗುವುದು ಕಷ್ಟ. ದಿಲ್ಲಿ ಗಾಡಿ ಅಗ್ಗಕ್ಕೆ ಬಂದಿದೆ ಎಂದರೆ ನೆನಪಿರಲಿ, ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ಅಲ್ಲಿ ಹಾಕಿದ್ದ ನಿರ್ಬಂಧದಿಂದ ಹೊರಬಿದ್ದದ್ದಿರಬಹುದು ಅದು. ನಮ್ಮಲ್ಲಿ ಆ ನಿಯಮವಿಲ್ಲ, ಆದರೆ ಎನ್‌ಒಸಿ, ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ಸೇರಿಸಿದ ಮೇಲೆ ಎಷ್ಟಾಗುತ್ತದೆ ಎಂದು ನೋಡಿ. ದಟ್ಟ ಟ್ರಾಫಿಕ್‌ನಲ್ಲೇ ಸವೆದ ಇಜಿಆರ್, ಕ್ಲಚ್ಚೂ ಅದರ ಜತೆಗೇ ಬರುತ್ತವೆ.

ಚೇನ್ ಸದ್ದಿದ್ದರೂ ಉಳಿದೆಲ್ಲ ಚೆನ್ನಾಗಿರುವ ಗಾಡಿ ಸಿಕ್ಕರೆ ಬಿಡಬೇಕಿಲ್ಲ. ಚೇನ್, ಗೈಡ್‌ಗಳು, ಟೆನ್ಷನರ್, ಸ್ಪ್ರಾಕೆಟ್ ಸಮೇತ ಪೂರ್ತಿ ಸೆಟ್ಟಿನ ಅಂದಾಜು ಬರೆಸಿಕೊಂಡು ಅಷ್ಟನ್ನು ಬೆಲೆಯಲ್ಲಿ ಕಡಿಸಿ. ಆಯಿಲ್ ಸಂಪ್ ಇಳಿಸಿ ಮುಂದಿನ ಕವರ್ ಬಿಚ್ಚುವ ಕೆಲಸ ಅದು. ಟೈಮಿಂಗ್ ಲಾಕ್ ಮಾಡುವ ಟೂಲ್ ಇಲ್ಲದೆ ಗುರುತು ಹಾಕಿಕೊಂಡು ಮಾಡುತ್ತೇನೆ ಎನ್ನುವ ಗ್ಯಾರೇಜಿಗೆ ಕೊಡಬೇಡಿ.

ಯಾವ ಡೀಸೆಲ್ ತಂದರೂ ಮೊದಲ ವಾರದಲ್ಲೇ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್, ಕೂಲಂಟ್ ಎಲ್ಲ ಬದಲಿಸಿ. ನವಲಗುಂದ, ನರಗುಂದ ಕಡೆ ಎರಿ ಭೂಮಿಯ ಧೂಳಿನಲ್ಲಿ ಓಡುವ ಗಾಡಿಯ ಏರ್ ಫಿಲ್ಟರ್ ಪುಸ್ತಕದಲ್ಲಿ ಬರೆದಷ್ಟು ದಿನ ಬಾಳುವುದಿಲ್ಲ. ಕಂಪ್ರೆಸರ್ ಹತ್ತಿರ ಹಿಡಿದು ಗಾಳಿ ಹೊಡೆದರೆ ಕಾಗದ ತೂತಾಗಿ ಧೂಳು ನೇರ ಟರ್ಬೊಗೆ ಹೋಗುತ್ತದೆ, ಹೊಸದೇ ಹಾಕಿಸಿ. ಕಂಪನಿ ಹತ್ತು ಸಾವಿರಕ್ಕೆ ಆಯಿಲ್ ಬದಲಿಸಲು ಹೇಳುತ್ತದೆ. ವಯಸ್ಸಾದ 1.3ಕ್ಕೆ 7,500 ಸಾಕು. ಹೊಸ ಆಯಿಲನ್ನು ಮೇಲಿನ ಗೆರೆಗೆ ಸರಿಯಾಗಿ ತುಂಬಿಸಿ, ಓಡೋಮೀಟರ್ ಸಂಖ್ಯೆಯನ್ನು ಟೇಪಿನ ಮೇಲೆ ಬರೆದು ಬಾನೆಟ್ ಒಳಗೆ ಅಂಟಿಸಿ. ಸಾವಿರ ಕಿಲೋಮೀಟರಿಗೆ ಗೆರೆ ಕೂದಲೆಳೆಯಷ್ಟು ಇಳಿದರೆ ಚಿಂತೆಯಿಲ್ಲ. ಅರ್ಧ ಲೀಟರ್ ತುಂಬಬೇಕಾಗಿ ಬಂದರೆ ಇಂಟರ್‌ಕೂಲರ್ ಪೈಪ್ ಬಿಚ್ಚಿಸಿ ನೋಡಿ: ಒಳಗೆ ಜಿಡ್ಡಿನ ಪೊರೆ ಮಾತ್ರ ಇದ್ದರೆ ರಿಂಗ್ ಕಡೆ ಅನುಮಾನ, ಆಯಿಲ್ ತೊಟ್ಟಿಕ್ಕಿದರೆ ಟರ್ಬೊದ ಸೀಲ್ ಹೋಗಿದೆ.